ನಾಲ್ಕು ಗಂಟೆಯ ಗೋಡೆ

ಜನವರಿ 9

ಮಸಿ,

ಇಪ್ಪತ್ತೆರಡು ವರ್ಷಗಳಾದ ಮೇಲೆ ಈ ಅಡ್ಡಹೆಸರಿನಿಂದ ಕರೆಯುವ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಿನ್ನ ಪೂರ್ತಿ ಹೆಸರು ಬರೆದು ನೋಡಿದೆ. ಯಾರೋ ಅಪರಿಚಿತರಿಗೆ ಬರೆದ ಅರ್ಜಿಯ ಹಾಗೆ ಕಂಡಿತು. ಇನ್ನೊಂದು ಹಾಳೆ ತೆಗೆದುಕೊಂಡೆ.

ನಿನ್ನ ವಿಳಾಸ ಸಿಕ್ಕಿದ್ದು ನಮ್ಮ ಕಟ್ಟಡಕ್ಕೆ ಬಣ್ಣ ಹೊಡೆಯುವ ಮೇಸ್ತ್ರಿಯಿಂದ. ‘ಹಳೇ ಗೋಡೆದು ಒಂದು ಚಕ್ಕೆ ತಗೊಂಡು ಹೋದ್ರೆ ಸಾಕು ಮೇಡಮ್. ಆ ಅಂಗಡಿಯಮ್ಮ ಕಣ್ಣಲ್ಲೇ ಅಳೆದು ಅದೇ ಬಣ್ಣ ಕಲಸಿಕೊಡ್ತಾರೆ. ಪಕ್ಕದಲ್ಲೇ ಮೆಷಿನ್ ಇದೆ, ಅದನ್ನ ಮುಟ್ಟೋದೂ ಇಲ್ಲ’ ಎಂದ. ಬೆರಳು ಹೇಗಿರುತ್ತೆ ಅವರದು ಎಂದು ಕೇಳಿದೆ. ‘ಬೆರಳಾ? ಯಾವಾಗಲೂ ಕಪ್ಪು’ ಎಂದ.

ನಾನು ಈಗ ಕಲಾ ಸಂಗ್ರಹಾಲಯದ ದಾಖಲೆ ವಿಭಾಗದಲ್ಲಿದ್ದೇನೆ. ಮೂರನೇ ಮಹಡಿ, ಕಬ್ಬಿಣದ ಕಪಾಟುಗಳು, ಪೆನ್ನು ತರಬಾರದು ಎಂಬ ಫಲಕ. ಕಲಾವಿದರ ಕಾಗದ, ಫೋಟೊ, ಆಮಂತ್ರಣ, ರಸೀದಿ, ಜಗಳದ ಪತ್ರ ಎಲ್ಲವೂ ಕೊನೆಗೆ ನನ್ನ ಮೇಜಿಗೆ ಬರುತ್ತವೆ. ನಾನು ಪಟ್ಟಿ ಮಾಡುತ್ತೇನೆ. ನೀವೆಲ್ಲ ಇಟ್ಟ ಹೆಸರನ್ನು ಉಳಿಸಿಕೊಂಡಿದ್ದೇನೆ ಅಂದುಕೋ.

ನಮ್ಮ ಕಲಾಶಾಲೆಯ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರ ಸೊಸೆ ಹನ್ನೊಂದು ಪೆಟ್ಟಿಗೆ ಕಳಿಸಿಕೊಟ್ಟಳು. ಏಳನೆಯ ಪೆಟ್ಟಿಗೆಯಲ್ಲಿ ಒಂದು ಹಾಳೆ ಸಿಕ್ಕಿತು. ಅಂಚೆಚೀಟಿಯಷ್ಟು ದೊಡ್ಡ ಹನ್ನೆರಡು ಫೋಟೊಗಳು ಒಂದೇ ಹಾಳೆಯಲ್ಲಿ. ಎಲ್ಲವೂ ನೀವೆಲ್ಲ ಗೋಡೆಗೆ ಚಿತ್ರ ಬರೆದ ಆ ಸೋಪಿನ ಕಾರ್ಖಾನೆಯವು. ಹತ್ತನೆಯದರಲ್ಲಿ ನೀನಿದ್ದೀಯ. ಸುಣ್ಣದ ಡಬ್ಬಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೀಯ. ನಿನ್ನ ಹಿಂದೆ ಎಂಟನೆಯ ಗೋಡೆ.

ಆ ಪ್ರದರ್ಶನ ಈಗ ಏನಾಗಿದೆ ಎಂದು ನಿನಗೆ ಗೊತ್ತಿದೆಯೋ ಇಲ್ಲವೋ. ಕೆಡವಲಿದ್ದ ಕಾರ್ಖಾನೆಯಲ್ಲಿ ಒಂದೇ ಮಧ್ಯಾಹ್ನ ನಡೆದು, ಮಾರನೆಯ ದಿನ ಗೋಡೆಗಳ ಸಮೇತ ನೆಲಸಮವಾದದ್ದನ್ನು ಈಗ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಅದರ ಮೇಲೆ ಪುಸ್ತಕ ಬಂದಿದೆ. ಹೆಸರು ‘ಏಳು ಗೋಡೆ’. ಬರುವ ಮೇ ತಿಂಗಳಲ್ಲಿ ನಮ್ಮಲ್ಲೇ ಅದರ ದೊಡ್ಡ ಪ್ರದರ್ಶನವಿದೆ. ಗೋಡೆಗಳು ಎಂಟಿದ್ದವು, ನಿಜ. ಆದರೆ ಉಳಿದಿರುವ ಒಂದೇ ಬರಹದ ದಾಖಲೆ ನಾನು ಹಿಂದಿನ ದಿನ ಟೈಪ್ ಮಾಡಿದ ಪಟ್ಟಿ. ಅದರಲ್ಲಿ ಎಂಟನೆಯ ಸಾಲಿನಲ್ಲಿ ‘ಖಾಲಿ’ ಎಂದಿದೆ.

ಫೋಟೊ ದೊಡ್ಡದು ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಭೂತಗನ್ನಡಿ ಬೇಕಾಗಿಲ್ಲ. ಗೋಡೆಯ ಮೇಲೆ ಕಿಟಕಿಯ ಬಿಸಿಲು ಬಿದ್ದಿದೆ, ಸರಳುಗಳ ನೆರಳಿನ ಸಮೇತ. ನೆಲದ ಹತ್ತಿರ ಒಂದು ಚೌಕ. ಆಳೆತ್ತರದಲ್ಲಿ ಇನ್ನೊಂದು ಚೌಕ. ಆ ಗೋಡೆಗೆ ಎದುರಾಗಿದ್ದದ್ದು ಒಂದೇ ಕಿಟಕಿ.

ಒಂದು ಕಿಟಕಿಯಿಂದ ಎರಡು ಬಿಸಿಲು ಹೇಗೆ ಬೀಳುತ್ತದೆ, ಮಸಿ?

ಉತ್ತರ ಬರೆಯದಿದ್ದರೂ ತಪ್ಪು ತಿಳಿಯುವುದಿಲ್ಲ. ಬರೆದರೆ ಒಳ್ಳೆಯದು.

ಪಟ್ಟಿ


ಜನವರಿ 20

ಪಟ್ಟಿಯವರಿಗೆ,

ನಿಮ್ಮ ಕವರು ಮೊದಲು ಸಿಕ್ಕಿದ್ದು ನಮ್ಮ ಅತ್ತೆಯ ಕೈಗೆ. ಗಲ್ಲಾದಲ್ಲಿ ಕೂರುವವರು ಅವರು. ಸೀಲು ನೋಡಿದ್ದೇ ‘ಏನ್ ಮಾಡ್ಕೊಂಡೆ? ನೋಟೀಸ್ ಬಂದಿದೆ’ ಎಂದು ಅಂಗಡಿ ತುಂಬ ಕೇಳುವ ಹಾಗೆ ಕೂಗಿದರು. ಎದುರಿಗಿದ್ದ ಗಿರಾಕಿ ತನ್ನ ಡಬ್ಬಿ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

ನಾನು ಓದಿ, ಮಡಚಿ, ಹಳದಿ ಡಬ್ಬಿಗಳ ಹಿಂದೆ ಇಟ್ಟೆ. ಒಂದು ವಾರ ಅಲ್ಲೇ ಇತ್ತು.

ಎಂಟನೆಯ ಗೋಡೆ ಖಾಲಿಯಿತ್ತು. ನಿಮ್ಮ ಪಟ್ಟಿ ಹೇಳುತ್ತದೆ. ಪುಸ್ತಕವೂ ಹೇಳುತ್ತದೆ. ಪುಸ್ತಕ ನಾನೂ ನೋಡಿದ್ದೇನೆ, ಗ್ರಂಥಾಲಯದಲ್ಲಿ, ನಿಂತುಕೊಂಡೇ. ಅಷ್ಟು ಓದಿದವರೆಲ್ಲ ಸೇರಿ ಖಾಲಿ ಅಂದ ಮೇಲೆ ಬಣ್ಣ ಕಲಸುವವಳದೇನು?

ಮೇಷ್ಟ್ರು ಹೋದದ್ದು ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಉಪಕಾರವಾಯಿತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮತ್ತೆ ಬರೆಯುವ ತೊಂದರೆ ತೆಗೆದುಕೊಳ್ಳುವುದು ಬೇಡ.

ಇತಿ,
ಬಣ್ಣದ ಅಂಗಡಿಯವಳು

ಬರೆದು ಮುಗಿಸಿದ ಮೇಲೆ ಫೋಟೊ ಇನ್ನೊಮ್ಮೆ ನೋಡಿದೆ. ಕೆಳಗಿನದು ಸೂರ್ಯನದು. ಮೇಲಿನದು ನನ್ನದು.


ಜನವರಿ 29

ಮಸಿ,

ನಿನ್ನ ಕೊನೆಯ ಎರಡು ವಾಕ್ಯಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಟ್ಟಿಲ್ಲ. ಹಾಳೆ ಇನ್ನೂ ಮಡಿಲಲ್ಲೇ ಇತ್ತು. ಅಮ್ಮ ಬಂದು ‘ಯಾರದ್ದು?’ ಎಂದರು. ಹೇಳಿದೆ. ‘ಕೈ ತೊಳೆಯದೆ ಊಟಕ್ಕೆ ಕೂತು ನನ್ನ ಬಿಳೀ ಮೇಜುಬಟ್ಟೆ ಹಾಳು ಮಾಡ್ತಿದ್ದಳಲ್ಲ, ಅವಳಾ? ಇನ್ನೂ ಇದ್ದಾಳಾ?’ ಎಂದರು. ಅಮ್ಮನ ಬಾಯಲ್ಲಿ ಅದು ಕ್ಷೇಮಸಮಾಚಾರ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ನೀವು ಎಂಟು ಜನ ಚೀಟಿ ಎತ್ತಿ ಗೋಡೆ ಹಂಚಿಕೊಂಡಿರಿ. ನಿನಗೆ ಬಂದದ್ದು ಯಾರಿಗೂ ಬೇಡದ ಗೋಡೆ, ಕಿಟಕಿಗೆ ಎದುರಿನದು. ಅಲ್ಲಿ ಬೆಳಕು ಒಂದು ಗಳಿಗೆ ಇದ್ದ ಹಾಗೆ ಇನ್ನೊಂದು ಗಳಿಗೆ ಇರುತ್ತಿರಲಿಲ್ಲ. ನಾನು ಚಿತ್ರದವಳಲ್ಲ, ಕಲಾ ಇತಿಹಾಸದವಳು. ಅಮ್ಮನ ಆಫೀಸಿನ ಟೈಪ್‌ರೈಟರ್ ನನ್ನ ಕೈಗೆ ಸಿಗುತ್ತಿದ್ದ ಕಾರಣಕ್ಕೆ ನಿಮ್ಮ ಗುಂಪಿಗೆ ಸೇರಿಕೊಂಡವಳು. ಪ್ರದರ್ಶನಕ್ಕೆ ಮೂರು ದಿನ ಇರುವಾಗ ನಮ್ಮಿಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ‘ಬೇರೆಯವರು ಮಾಡೋದನ್ನ ಬರೆದುಕೊಳ್ಳೋದು ಬಿಟ್ಟರೆ ನಿಂಗೆ ಇನ್ನೇನ್ ಬರುತ್ತೆ?’ ಎಂದೆ ನೀನು. ಅದಾದ ಮೇಲೆ ಮಾತಿಲ್ಲ.

ಹಿಂದಿನ ದಿನ ನಾನು ಪಟ್ಟಿ ಮಾಡಲು ಬಂದೆ. ಗೋಡೆಯಿಂದ ಗೋಡೆಗೆ ಹೋಗಿ ಬರೆದುಕೊಂಡೆ. ಎಂಟನೆಯದಕ್ಕೆ ಬಂದಾಗ ನೀನು ಅಲ್ಲಿರಲಿಲ್ಲ. ಕಾರ್ಖಾನೆಯ ಗಡಿಯಾರ ನಾಲ್ಕು ಹೊಡೆದದ್ದು ನೆನಪಿದೆ. ಗೋಡೆಯ ಮೇಲೆ ಬಿಸಿಲಿತ್ತು, ಅಷ್ಟೆ. ನೀನು ಸಿಟ್ಟು ಮಾಡಿಕೊಂಡು ಗೋಡೆ ಬಿಟ್ಟುಹೋದೆ ಅಂದುಕೊಂಡು ‘ಖಾಲಿ’ ಎಂದು ಬರೆದೆ. ಅಮ್ಮನ ಆಫೀಸಿಗೆ ಓಡಿ ಟೈಪ್ ಮಾಡಿ ನೂರು ಪ್ರತಿ ತೆಗೆದೆ.

ಆ ಹಾಳೆಯಿಂದ ನನಗೆ ಮೊದಲ ಕೆಲಸ ಸಿಕ್ಕಿತು. ಪುಸ್ತಕ ಬರೆದ ಸಂಶೋಧಕಿ ಮೊದಲ ಪುಟದಲ್ಲೇ ನನಗೆ ಕೃತಜ್ಞತೆ ಹೇಳಿದ್ದಾಳೆ. ಏಳು ಜನರಲ್ಲಿ ನಾಲ್ವರು ಇವತ್ತು ದೊಡ್ಡ ಹೆಸರು. ಎಲ್ಲವೂ ಒಂದು ಹಾಳೆಯ ಮೇಲೆ ನಿಂತಿದೆ.

ನಿನ್ನೆ ನಮ್ಮ ನಿರ್ದೇಶಕರಿಗೆ ಫೋಟೊ ತೋರಿಸಿದೆ. ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ, ಅವಸರ ಜಾಸ್ತಿ. ‘ಚೆನ್ನಾಗಿದೆ ಮೇಡಮ್. ಆದ್ರೆ ಏಳು ಅನ್ನೋದು ಈಗ ಒಂದು ಹೆಸರಾಗಿಬಿಟ್ಟಿದೆ. ಆಮಂತ್ರಣ ಅಚ್ಚಾಗಿದೆ. ಒಂದು ಮಸುಕು ಫೋಟೊ ಇಟ್ಟುಕೊಂಡು ಎಂಟು ಅನ್ನೋಕಾಗುತ್ತಾ? ಕ್ಯಾಮೆರಾದಲ್ಲಿ ಎರಡು ಸಲ ಬೆಳಕು ಬಿದ್ದಿದ್ರೆ?’ ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಫೋಟೊ ಹಾಳೆಯ ಹಿಂದೆ ಮೇಷ್ಟ್ರು ಪೆನ್ಸಿಲಿನಲ್ಲಿ ‘ಎಂಟು. ಹಿಂದಿನ ದಿನ, ಮೂರು ಗಂಟೆ’ ಎಂದು ಬರೆದಿದ್ದಾರೆ. ಅದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇಲ್ಲ. ನಿನ್ನ ಹತ್ತಿರ ಇದೆ. ಏನು ಮಾಡಿದೆ, ಯಾವುದರಿಂದ ಮಾಡಿದೆ, ಎಷ್ಟು ದಿನ ಹಿಡಿಯಿತು ಎಂದು ನಿನ್ನ ಕೈಯಲ್ಲಿ ಬರೆದು ಕಳಿಸು. ಮಾರ್ಚ್ ಕೊನೆಗೆ ಪ್ರದರ್ಶನದ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅದರೊಳಗೆ ಎಂಟನೆಯ ಗೋಡೆ ಇರಬೇಕು. ಈ ಸಲವೂ ತಪ್ಪಿದರೆ ಇನ್ನು ಐವತ್ತು ವರ್ಷ ಅದು ಖಾಲಿಯಾಗಿಯೇ ಇರುತ್ತದೆ.

ಪಟ್ಟಿ


ಫೆಬ್ರವರಿ 26

ಪಟ್ಟಿ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟು ಆರಲಿ ಅಂತ ಕಾದೆ. ಆರಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ, ಓದು.

ನಿನ್ನ ನೆನಪು ಸರಿಯಾಗಿದೆ. ಜಗಳದ ಮಾತೂ ಸರಿ. ಅದನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಬರೆದುಕೊಳ್ಳುವುದೇ ಎಷ್ಟು ದೊಡ್ಡ ಕೆಲಸ ಅಂತ ಆಮೇಲೆ ಗೊತ್ತಾಯಿತು, ನನ್ನ ತಲೆಯ ಮೇಲೇ ಬಿದ್ದಾಗ.

ಹೇಗೆ ಮಾಡಿದೆ ಅಂದರೆ, ಮೊದಲ ಎರಡು ದಿನ ಏನೂ ಮಾಡಲಿಲ್ಲ. ಕೂತು ನೋಡಿದೆ. ಬಿಸಿಲು ಮಧ್ಯಾಹ್ನ ನೆಲದ ಮೇಲಿರುತ್ತಿತ್ತು, ಗೋಡೆ ಹತ್ತಿ, ನಾಲ್ಕು ಗಂಟೆಗೆ ಆಳೆತ್ತರಕ್ಕೆ ಬಂದು, ಆಮೇಲೆ ಕೆಂಪಾಗಿ ಸೂರಿಗೆ ಹೋಗುತ್ತಿತ್ತು. ನಾಲ್ಕು ಗಂಟೆಯದು ಸರಿ ಅನಿಸಿತು. ದಿನಾ ನಾಲ್ಕಕ್ಕೆ ಮೊದಲು ಐದು ನಿಮಿಷ, ಆಮೇಲೆ ಐದು ನಿಮಿಷ. ಅಷ್ಟೇ ನನ್ನ ಕೆಲಸದ ಹೊತ್ತು. ಹನ್ನೆರಡು ದಿನ. ಸುಣ್ಣಕ್ಕೆ ಒಂದಿಷ್ಟು ಹಳದಿ ಮಣ್ಣು ಹಾಕಿ ಬಿಸಿಲು. ದೀಪದ ಮಸಿಗೆ ಅಂಟು ಕಲಸಿ, ನೀರು ಮಾಡಿ, ಸರಳಿನ ನೆರಳು. ನೆರಳಿನ ಅಂಚು ಒಂದು ಕಡೆ ಚೂಪು, ಇನ್ನೊಂದು ಕಡೆ ಮೆತ್ತಗೆ ಇರುತ್ತೆ, ಗಮನಿಸಿದ್ದೀಯಾ? ಯಾರೂ ಗಮನಿಸಲ್ಲ. ಅದನ್ನು ಹಿಡಿಯೋಕೆ ಆರು ದಿನ ಬೇಕಾಯಿತು. ಉಳಿದ ಹೊತ್ತಿನಲ್ಲಿ ಎಲ್ಲರಿಗೂ ಸುಣ್ಣ ಕಲಸಿಕೊಟ್ಟೆ. ಅದಕ್ಕೇ ನಾನು ಏನೂ ಮಾಡ್ತಿಲ್ಲ ಅಂದುಕೊಂಡರು. ಅವರನ್ನು ಬೈಯಬೇಡ. ಒಬ್ಬೊಬ್ಬರೂ ತಮ್ಮ ಗೋಡೆಗೆ ಮೂಗು ಅಂಟಿಸಿ ನಿಂತಿದ್ದರು, ಬೆನ್ನ ಹಿಂದಿನದು ಯಾರಿಗೆ ಬೇಕು?

ಮೇಷ್ಟ್ರು ಒಬ್ಬರೇ ಕಂಡುಹಿಡಿದವರು. ಮೂರು ಗಂಟೆಗೆ ಬಂದು, ಕೆಳಗೆ ನೋಡಿ, ಮೇಲೆ ನೋಡಿ, ಕ್ಯಾಮೆರಾ ತೆಗೆದರು. ‘ಎಲ್ಲರಿಗೂ ಹೇಳ್ಲೇನೇ?’ ಎಂದರು. ಬೇಡ ಸರ್ ಅಂದೆ. ಹೇಳಲಿಲ್ಲ. ಆದರೆ ಹಾಳೆ ಇಟ್ಟುಕೊಂಡಿದ್ದರು ನೋಡು.

ಕೊನೆಯ ಗೆರೆ ಎಳೆದು, ಚಹಾದ ಗ್ಲಾಸು ವಾಪಸ್ ಕೊಡೋಕೆ ಹೋಗಿದ್ದೆ. ಬರುವಾಗ ನೀನು ನನ್ನ ಗೋಡೆಯ ಮುಂದೆ ನಿಂತಿದ್ದೆ, ಕೈಯಲ್ಲಿ ನೋಟ್‌ಬುಕ್ಕು. ನಾನು ಬಾಗಿಲ ಹಿಂದೆ ನಿಂತೆ. ನೀನು ನೋಡಿದೆ, ಬರೆದುಕೊಂಡೆ, ಹೋದೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮಲ್ಲಿ ಎಲ್ಲರಿಗಿಂತ ಕಣ್ಣು ಚುರುಕಾಗಿದ್ದವಳು ನೀನು. ನೀನೇ ಮೋಸಹೋದೆ ಅಂದರೆ ಗೋಡೆ ಗೆದ್ದಿತು!

ಮಾರನೆಯ ದಿನ ಪಟ್ಟಿಯಲ್ಲಿ ‘ಖಾಲಿ’ ಅಂತ ಓದಿದೆ. ಆಗಲೂ ಮೊದಲು ನಗು ಬಂತು. ಆಮೇಲೆ ಅನಿಸಿತು, ಇವಳಿಗೆ ಗೊತ್ತಾಗಿದೆ, ಗೊತ್ತಾಗಿಯೇ ಹೀಗೆ ಬರೆದಿದ್ದಾಳೆ, ಜಗಳದ ಸೇಡು. ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಹಾಗೇ ಅಂದುಕೊಂಡಿದ್ದೆ. ಪುಸ್ತಕ ಬಂದಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕ್ಯಾಮೆರಾದಲ್ಲಿ ಎರಡು ಬೆಳಕು ಅಂತಾರಾ ನಿಮ್ಮ ನಿರ್ದೇಶಕರು? ಒಂದು ಕೆಲಸ ಮಾಡು. ಪ್ರದರ್ಶನದ ದಿನದ ಫೋಟೊಗಳು ನಿಮ್ಮ ಹತ್ತಿರ ಬೇಕಾದಷ್ಟು ಇವೆಯಲ್ಲ, ಪುಸ್ತಕದಲ್ಲಿ ಅಚ್ಚಾಗಿರುವಂಥವು. ತೆಗೆದು ನೋಡು. ಆ ದಿನ ಬಿಸಿಲು ಎಲ್ಲಿತ್ತು?

ಮಸಿ


ಮಾರ್ಚ್ 5

ಮಸಿ,

ಬಿಸಿಲು ಇರಲಿಲ್ಲ.

ನಿನ್ನ ಕಾಗದ ಓದಿದವಳು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಕಪಾಟಿಗೆ ಹೋದೆ. ನಲವತ್ತೊಂದು ಫೋಟೊಗಳು. ಎಲ್ಲವನ್ನೂ ಹನ್ನೊಂದು ವರ್ಷಗಳ ಹಿಂದೆ ನಾನೇ ಪಟ್ಟಿ ಮಾಡಿದ್ದು. ಮೇಜಿನ ಮೇಲೆ ಹರಡಿದೆ. ಬಾಗಿಲ ಬಳಿ ಒದ್ದೆ ಕೊಡೆಗಳ ರಾಶಿ. ಕಿಟಕಿಯಾಚೆ ಬೂದಿ ಬಣ್ಣದ ಆಕಾಶ. ಜನರ ಕಾಲ ಬಳಿ ಒಬ್ಬರಿಗೂ ನೆರಳಿಲ್ಲ. ಒಂಬತ್ತು ಫೋಟೊಗಳಲ್ಲಿ, ಅವರ ಬೆನ್ನ ಹಿಂದೆ, ಎಂಟನೆಯ ಗೋಡೆಯ ಮೇಲೆ ಝಗ್ಗೆನ್ನುವ ಬಿಸಿಲು.

ಇದಕ್ಕಿಂತ ಕೆಟ್ಟದ್ದು ಕೇಳು. ಪ್ರತಿ ಫೋಟೊದ ಹಿಂದೆ ನಾನೇ ಬರೆದ ವಿವರಣೆ ಇದೆ. ‘ಅತಿಥಿಗಳು, ಹಿನ್ನೆಲೆಯಲ್ಲಿ ಕಿಟಕಿಯ ಬಿಸಿಲು.’ ಒಂಬತ್ತು ಸಲ ಬರೆದಿದ್ದೇನೆ. ಕೊಡೆಗಳನ್ನೂ ಎಣಿಸಿ ಬರೆದಿದ್ದೇನೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದ ಕೈಗೆ ಇದು ಹೇಗೆ ಎಂದು ಕೇಳಬೇಕೆನಿಸಲಿಲ್ಲ. ಒಂದರಲ್ಲಿ ಮುಖ್ಯ ಅತಿಥಿ ನನ್ನ ಪಟ್ಟಿ ಹಿಡಿದುಕೊಂಡು ಆ ಗೋಡೆಯ ಕಡೆಗೇ ತಿರುಗಿ ನಿಂತಿದ್ದಾರೆ. ಓದಲು ಬೆಳಕು ಸಾಲದೆ! ನಿನ್ನ ಬಿಸಿಲಿನಲ್ಲಿ, ನೀನು ಏನೂ ಮಾಡಿಲ್ಲ ಎಂದು ಓದುತ್ತಿದ್ದಾರೆ. ಮೊದಲು ನಗು ಬಂತು. ಆಮೇಲೆ ಕನ್ನಡಕ ತೆಗೆದಿಟ್ಟೆ.

ಈಗ ಒಂದು ಮಾತು ಹೇಳಬೇಕು. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಕಷ್ಟದ ಮಾತುಗಳನ್ನು ಮೊದಲು ಆ ಭಾಷೆಯಲ್ಲಿ ಬರೆದು ನೋಡುವ ಚಾಳಿ ಇದೆ. ಬರೆದೆ. ಓದಿದರೆ ಕಚೇರಿಯ ವಿಷಾದಪತ್ರದ ಹಾಗಿತ್ತು. ಹರಿದು ಹಾಕಿದೆ.

ಸೇಡಿಗೆ ಬರೆದದ್ದಲ್ಲ. ಅದು ನಿಜ. ಆದರೆ ಬರೀ ಕಣ್ಣಿನ ತಪ್ಪೂ ಅಲ್ಲ. ಆ ದಿನ ಗೋಡೆಯ ಕೆಳಗೆ ನಿನ್ನ ಡಬ್ಬಿ ಇತ್ತು. ಡಬ್ಬಿಯ ಮೇಲೆ ಬ್ರಷ್ಷು ಇತ್ತು, ತುದಿ ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆ. ಯಾರೋ ಈಗಷ್ಟೇ ಇಲ್ಲಿ ಕೆಲಸ ಮಾಡಿದ್ದಾರೆ ಎಂದು ಬ್ರಷ್ಷು ಹೇಳುತ್ತಿತ್ತು. ಹೊರಗೆ ಹೋಗಿ ‘ಇದೇನೇ ಮಸಿ?’ ಎಂದು ಕೂಗಿದ್ದರೆ ಸಾಕಿತ್ತು. ಕೂಗಿದರೆ ನಾನೇ ಮೊದಲು ಮಾತಾಡಿದ ಹಾಗಾಗುತ್ತಿತ್ತು. ಎರಡು ದಿನದ ಮುನಿಸು ಮುರಿಯುವವಳು ನಾನಾಗಬಾರದು ಎಂದು ‘ಖಾಲಿ’ ಎಂದು ಬರೆದು ಮುಂದೆ ಹೋದೆ. ಇಷ್ಟೇ ನಡೆದದ್ದು. ಇಷ್ಟನ್ನು ಇಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಮತ್ತೆ ನಿರ್ದೇಶಕರ ಕೋಣೆಗೆ ಹೋದೆ. ಒಂಬತ್ತು ಫೋಟೊ, ಮೇಷ್ಟ್ರ ಹಾಳೆ, ನಿನ್ನ ಕಾಗದ. ಅವರು ಒಂದೊಂದನ್ನೇ ನೋಡಿದರು. ಕೊಡೆಗಳ ಹತ್ತಿರ ಬಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

‘ಆದ್ರೂ ಮೇಡಮ್, ಎಂಟು ಅನ್ನೋದಕ್ಕೆ ಗಟ್ಟಿ ಪುರಾವೆ ಬೇಕಲ್ಲ’ ಎಂದರು.

‘ಏಳು ಅನ್ನೋದಕ್ಕೆ ಏನಿತ್ತು ಸರ್?’

‘ನಿಮ್ಮ ಪಟ್ಟಿ.’

‘ಇಪ್ಪತ್ತಮೂರು ವರ್ಷದ ಹುಡುಗಿ, ಜಗಳ ಮಾಡಿಕೊಂಡು, ಅವಸರದಲ್ಲಿ ಟೈಪ್ ಮಾಡಿದ ಒಂದು ಹಾಳೆ. ಅದನ್ನ ಎಲ್ಲರೂ ನಂಬಿದ್ರಿ. ಅದೇ ಹುಡುಗಿ ಈಗ ನಲವತ್ತೈದಕ್ಕೆ ಎಲ್ಲ ಕಾಗದ ಎದುರಿಗಿಟ್ಟು ಎಂಟು ಅಂತಿದ್ದಾಳೆ. ಈಗ ಅನುಮಾನವಾ?’

ಅವರು ಕೊಡೆಗಳ ಫೋಟೊವನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, ‘ಇದು ಹೊರಗೆ ಬಂದ್ರೆ ನಿಮಗೆ ಮುಜುಗರ ಆಗಲ್ವಾ?’ ಎಂದರು.

‘ಆಗುತ್ತೆ’ ಎಂದೆ. ‘ಅಚ್ಚಾದ ಆಮಂತ್ರಣಗಳನ್ನ ನನ್ನ ವಿಭಾಗಕ್ಕೆ ಕಳಿಸಿಬಿಡಿ ಸರ್. ಅವೂ ಈಗ ದಾಖಲೆ.’

ಒಪ್ಪಿದರು ಮಸಿ. ಒಪ್ಪಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ನೆಲಮಾಳಿಗೆಯ ದೊಡ್ಡ ಕೋಣೆಯಲ್ಲಿ ನಿನ್ನ ಗೋಡೆಯನ್ನು ಮತ್ತೆ ಕಟ್ಟಿಸುತ್ತಾರಂತೆ. ಪ್ರೊಜೆಕ್ಟರಿನಿಂದ ಕಿಟಕಿಯ ಬಿಸಿಲು ಬಿಟ್ಟು, ಅದು ಮೆಲ್ಲಗೆ ಮೇಲೆ ಹತ್ತಿ, ನಿನ್ನ ಚಿತ್ರದ ಮೇಲೆ ಕೂರುವ ಹಾಗೆ ಮಾಡುತ್ತಾರಂತೆ, ಹತ್ತು ನಿಮಿಷಕ್ಕೊಂದು ಸಲ. ನೀನು ಬಂದು ಬರೆಯಬೇಕು ಎನ್ನುತ್ತಿದ್ದಾರೆ. ಏನು ಹೇಳಲಿ?

ಪಟ್ಟಿ


ಮಾರ್ಚ್ 15

ಪಟ್ಟಿ,

ಬ್ರಷ್ಷಿನ ವಿಷಯ ಓದಿ ಎರಡು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಮೂರನೆಯ ದಿನ ಒಬ್ಬ ಗಿರಾಕಿ ಗೋಡೆಯ ಚಕ್ಕೆ ತಂದ. ಹಸಿರು ಕಲಸಿಕೊಟ್ಟೆ. ‘ಇದಲ್ಲ’ ಎಂದ. ಇದೇ ಎಂದೆ. ಜಗಳವೇ ಆಯಿತು. ಚಕ್ಕೆ ತಿರುಗಿಸಿ ನೋಡಿದರೆ ನಾನು ನೋಡಿದ್ದು ಹಿಂಭಾಗ. ಡಬ್ಬಿ ಬದಲಾಯಿಸಿಕೊಡುತ್ತಾ ನಿನ್ನ ನೆನಪಾಯಿತು. ಬೈಗುಳ ಅಲ್ಲಿಗೆ ನಿಂತಿತು.

ನಾನೂ ಬಾಗಿಲ ಹಿಂದಿನಿಂದ ಬರಬಹುದಿತ್ತು. ಮಾರನೆಯ ದಿನ ನಿನ್ನ ಕೈಯಿಂದ ಹಾಳೆ ಕಿತ್ತುಕೊಂಡು ‘ಕಣ್ಣು ಬಿಟ್ಟು ನೋಡೇ’ ಅನ್ನಬಹುದಿತ್ತು. ಮಾಡಲಿಲ್ಲ. ಇದನ್ನೂ ಬರೆದುಕೋ.

ಪ್ರೊಜೆಕ್ಟರ್ ಬೇಡ. ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲ. ಕಿಟಕಿ ಇಲ್ಲದ ಕಡೆ ಬಿಸಿಲು ಬರೆದರೆ ಅದು ನಾಟಕದ ಪರದೆ. ಹತ್ತು ನಿಮಿಷಕ್ಕೊಂದು ಸಲ ನಾಲ್ಕು ಗಂಟೆ ಆಗುವುದಾದರೆ ಯಾರು ಯಾಕೆ ಕಾಯುತ್ತಾರೆ? ನನ್ನ ಗೋಡೆಯನ್ನು ಹೇಗಿದ್ದರೂ ಮಾರನೆಯ ದಿನವೇ ಕೆಡವಿದರು. ನಾನೇ ನಿಂತು ನೋಡಿದೆ. ಮೇಲಿನ ಅರ್ಧ ಮೊದಲು ಬಿತ್ತು, ಬಿಸಿಲಿನ ಸಮೇತ. ಅದಕ್ಕೆ ನನಗೆ ದುಃಖ ಆಗಲಿಲ್ಲ. ಅದು ಇರಲೇ ಇಲ್ಲ ಅಂದಿದ್ದಕ್ಕೆ ಆಯಿತು.

ಹಾಗಾಗಿ ಇದ್ದದ್ದನ್ನು ಇತ್ತು ಅನ್ನಿ, ಸಾಕು. ಫೋಟೊ ತೂಗುಹಾಕಿ. ಅವುಗಳ ಪಕ್ಕದಲ್ಲಿ ನಿನ್ನ ಪಟ್ಟಿಯನ್ನೂ ಇಡು. ತಿದ್ದಬೇಡ. ಖಾಲಿ ಅನ್ನೋದು ಹಾಗೇ ಇರಲಿ, ಜನ ಓದಲಿ, ಆಮೇಲೆ ತಲೆಯೆತ್ತಿ ಕೊಡೆ ನೋಡಲಿ. ನಮ್ಮ ಅಂಗಡಿಯಲ್ಲಿ ತಪ್ಪು ಕಲಸಿದ ಡಬ್ಬಿ ಎಸೆಯೋದಿಲ್ಲ. ಮುಚ್ಚಳದ ಮೇಲೆ ಯಾಕೆ ತಪ್ಪಾಯಿತು ಅಂತ ಬರೆದು ಮೇಲಿನ ಸಾಲಿನಲ್ಲಿ ಇಡುತ್ತೇನೆ. ಮುಂದಿನ ಸಲ ಕೈ ಹಿಡಿಯುತ್ತೆ.

ಕಾಗದಗಳನ್ನೂ ನೀನು ಫೈಲಿಗೆ ಹಾಕುತ್ತೀಯ ಅಂತ ಗೊತ್ತು. ಫೆಬ್ರವರಿಯಿಂದ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ, ನೋಡಲಿಲ್ಲವಾ? ಮೊದಲನೆಯದು ಮಾತ್ರ ಕಾಗೆ ಕಾಲು. ಅದನ್ನು ಹಿಂದಕ್ಕೆ ಸೇರಿಸು.

ಅತ್ತೆ ಕೇಳಿದರು, ‘ನೋಟೀಸಿನ ಕೇಸು ಎಲ್ಲಿಗೆ ಬಂತು?’ ಅಂತ. ಗೆಲ್ಲೋ ಹಾಗಿದೆ ಅಂದೆ.

ಮಸಿ


ಏಪ್ರಿಲ್ 4

ಮಸಿ,

ನಿನ್ನೆ ಪುಸ್ತಕ ಅಚ್ಚಿಗೆ ಹೋಯಿತು. ಮೂರು ದಿನ ತಡ. ಹೆಸರು ‘ಎಂಟು ಗೋಡೆ’. ಸಂಶೋಧಕಿಗೆ ಫೋನ್ ಮಾಡಿದಾಗ ಆಕೆ ತನ್ನ ಪುಸ್ತಕದ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ ‘ಒಂಬತ್ತು ಫೋಟೊನೂ ನನ್ನ ಪುಸ್ತಕದಲ್ಲೇ ಇದ್ದವಲ್ಲ. ನಾನೇ ಆರಿಸಿದ್ದು’ ಎಂದಳು. ನನ್ನ ಮೇಲೆ ಬೇಸರವಿದ್ದ ಹಾಗಿತ್ತು, ತನ್ನ ಮೇಲೆ ಇನ್ನೂ ಹೆಚ್ಚು. ಹೊಸ ಲೇಖನ ಬರೆಯುತ್ತಾಳಂತೆ. ನಿನ್ನನ್ನು ನೋಡಬೇಕಂತೆ. ಆಮೇಲೆ ನೋಡೋಣ ಎಂದಿದ್ದೇನೆ. ಮೊದಲ ಸರದಿ ನನ್ನದು.

ಪಟ್ಟಿಯನ್ನು ತಿದ್ದಿಲ್ಲ. ನಮ್ಮ ಕೆಲಸದ ನಿಯಮವೂ ನಿನ್ನ ಡಬ್ಬಿಯ ಮುಚ್ಚಳದ್ದೇ: ಮೂಲದ ಮೇಲೆ ಗೀಟು ಹಾಕುವಂತಿಲ್ಲ, ಪಕ್ಕದಲ್ಲಿ ಚೀಟಿ ಇಡಬೇಕು. ಚೀಟಿ ಹೀಗಿದೆ:

‘ಎಂಟನೆಯ ಸಾಲಿನಲ್ಲಿ ಖಾಲಿ ಎಂದಿರುವುದು ತಪ್ಪು. ಆ ಗೋಡೆಯ ಮೇಲೆ ಒಂದು ಕೃತಿ ಇತ್ತು. ಸುಣ್ಣ, ಹಳದಿ ಮಣ್ಣು, ದೀಪದ ಮಸಿ, ಅಂಟು. ಹನ್ನೆರಡು ದಿನ, ದಿನಕ್ಕೆ ಹತ್ತು ನಿಮಿಷ. ಪಟ್ಟಿ ಮಾಡಿದವಳು ಅದನ್ನು ನೋಡಿದ್ದು ಮಧ್ಯಾಹ್ನ ನಾಲ್ಕು ಗಂಟೆಗೆ. ಕೇಳಬಹುದಿತ್ತು. ಕೇಳಲಿಲ್ಲ.’

ಕೆಳಗೆ ನನ್ನ ಸಹಿ, ತಾರೀಖು. ನಿನ್ನ ಪೂರ್ತಿ ಹೆಸರು ಮೇಲೆ, ದಪ್ಪಕ್ಷರದಲ್ಲಿ.

ನಿರ್ದೇಶಕರು ಓದಿ, ‘ಕೊನೇ ಎರಡು ಮಾತು ಬೇಕಾ ಮೇಡಮ್?’ ಎಂದರು. ಉಳಿದದ್ದನ್ನು ಬೇಕಾದರೆ ತೆಗೆಯಿರಿ ಎಂದೆ. ಚೀಟಿ ವಾಪಸ್ ಕೊಟ್ಟರು, ಹಾಗೇ.

ಇಷ್ಟಕ್ಕೇ ಮುಗಿಸಬೇಕೆಂದು ಕೂತವಳು ಇನ್ನೊಂದು ಪುಟ ತೆಗೆದುಕೊಂಡಿದ್ದೇನೆ.

ನಮ್ಮ ಓದುಕೋಣೆಯಲ್ಲಿ ಒಂದು ಗೋಡೆಯಿದೆ. ಓದಲು ಬಂದವರು ಬೆನ್ನು ಕೊಟ್ಟು ಕೂರುತ್ತಾರೆ, ಯಾಕೆಂದರೆ ಎದುರಿಗೆ ಪಶ್ಚಿಮದ ಕಿಟಕಿ. ಗೋಡೆಯ ಮೇಲೆ ಹತ್ತು ವರ್ಷದಿಂದ ಒಂದು ಕ್ಯಾಲೆಂಡರ್ ಇತ್ತು. ಕಳೆದ ವಾರ ದಿನಾ ಮಧ್ಯಾಹ್ನ ಅಲ್ಲಿ ಕೂತು ನೋಡಿದೆ. ಮೂರು ಗಂಟೆಗೆ ಬಿಸಿಲು ಕಪಾಟಿನ ಕಾಲ ಬಳಿ ಇರುತ್ತದೆ. ನಾಲ್ಕು ಗಂಟೆಗೆ ಸರಿಯಾಗಿ ಕ್ಯಾಲೆಂಡರ್ ಇದ್ದ ಜಾಗಕ್ಕೆ ಬರುತ್ತದೆ. ನೆರಳಿನ ಅಂಚನ್ನೂ ನೋಡಿದೆ. ಒಂದು ಕಡೆ ಚೂಪು, ಇನ್ನೊಂದು ಕಡೆ ಮೆತ್ತಗೆ. ನಲವತ್ತೈದು ವರ್ಷ ಇದು ನನ್ನ ಕಣ್ಣೆದುರೇ ಇತ್ತು.

ಕ್ಯಾಲೆಂಡರ್ ತೆಗೆಸಿದ್ದೇನೆ. ಹಳೆಯ ಗೋಡೆಯನ್ನು ಮತ್ತೆ ಮಾಡು ಎನ್ನುತ್ತಿಲ್ಲ. ಅದು ಬಿತ್ತು, ಅದರ ಕಾಗದ ನನ್ನ ಹತ್ತಿರ ಭದ್ರವಾಗಿದೆ. ಇಲ್ಲಿ ಬೇರೆಯೊಂದು ಕಿಟಕಿ ಇದೆ, ಬೇರೆ ಬಿಸಿಲು. ಸುಮ್ಮನೆ ತಿಳಿಸುತ್ತಿದ್ದೇನೆ.

ಪಟ್ಟಿ


ಏಪ್ರಿಲ್ 11

ಪಟ್ಟಿ,

ಗುರುವಾರ ಬರುತ್ತೇನೆ. ಹನ್ನೆರಡು ದಿನ ಬೇಕು, ಜಾಸ್ತಿಯೂ ಆಗಬಹುದು, ಕಣ್ಣು ಮೊದಲಿನಷ್ಟಿಲ್ಲ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಅತ್ತೆಯೂ ನನ್ನ ಜೊತೆ ಹೊರಟಿದ್ದಾರೆ, ಕೇಸು ಗೆದ್ದಿದ್ದನ್ನು ಕಣ್ಣಾರೆ ನೋಡಬೇಕಂತೆ. ನಿಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತೇವೆ. ಅಮ್ಮನಿಗೆ ಹೇಳು, ಊಟಕ್ಕೆ ಮುಂಚೆ ಕೈ ತೊಳೆಯುತ್ತೇನೆ, ಆದರೂ ಬಿಳೀ ಬಟ್ಟೆ ಹಾಸುವುದು ಬೇಡ.

ಸುಣ್ಣ ನಾನೇ ತರುತ್ತೇನೆ. ನಿಮ್ಮ ಕಡೆಯದು ಹೇಗಿರುತ್ತೋ. ಕಿಟಕಿಯ ಗಾಜು ಎರಡೂ ಕಡೆ ತೊಳೆಸಿಡು. ಗೋಡೆಯನ್ನು ಯಾರೂ ಮುಟ್ಟಕೂಡದು, ಕ್ಯಾಲೆಂಡರಿನ ಮೊಳೆಯನ್ನೂ ಕೀಳಬೇಡಿ. ಅದರ ನೆರಳು ಬೇಕು.

ಮುಗಿದ ಮೇಲೆ ನೀನು ಪಟ್ಟಿ ಮಾಡೇ ಮಾಡುತ್ತೀಯ, ಬೇಡ ಅಂದರೂ ಬಿಡುವವಳಲ್ಲ. ಮಾಡು. ಈ ಸಲ ಬೆಳಿಗ್ಗೆ ಬಾ.

ಮಸಿ